ಸಂಶೋಧನಾ ಸಾಮಗ್ರಿ ಕೊಡು-ಕೊಳ್ಳುವ ಒಪ್ಪಂದ: ಮೈಸೂರು, ಮಂಡ್ಯದ ಸಂಶೋಧಕರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜ, ಸೂಕ್ಷ್ಮಜೀವಿ, ರಕ್ತದ ಸ್ಯಾಂಪಲ್, ಡೇಟಾ ಇವನ್ನು ಹೊರಗಿನ ಸಂಸ್ಥೆಗೆ ಕೊಡುವಾಗ ಅಥವಾ ಅಲ್ಲಿಂದ ತರಿಸಿಕೊಳ್ಳುವಾಗ ರಿಸರ್ಚ್ ಸ್ಕಾಲರ್‌ಗಳೂ ಗೈಡ್‌ಗಳೂ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಇಂಥ ಕಾಗದಪತ್ರ ನೋಡುವುದೇ ನನ್ನ ಕೆಲಸ. ಹಾಗಾಗಿ ಅಲ್ಲಲ್ಲಿ ನನ್ನ ಅಭಿಪ್ರಾಯವೂ ಸೇರಿಕೊಂಡಿದೆ. ದೊಡ್ಡ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಸಂಸ್ಥೆಯ ಕಾನೂನು ಸಲಹೆಗಾರರಿಗೆ ಒಮ್ಮೆ ತೋರಿಸಿ.

ಎಂಟಿಎ ಅಂದ್ರೆ ಏನು?

ಮೆಟೀರಿಯಲ್ ಟ್ರಾನ್ಸ್‌ಫರ್ ಅಗ್ರಿಮೆಂಟ್. ಎಲ್ಲರ ಬಾಯಲ್ಲೂ ಎಂಟಿಎ. ಒಂದು ಸಂಸ್ಥೆ ತನ್ನ ಸಂಶೋಧನಾ ಸಾಮಗ್ರಿಯನ್ನು ಇನ್ನೊಂದು ಸಂಸ್ಥೆಗೆ ಕೊಡುವಾಗ ಇಬ್ಬರೂ ಸಹಿ ಹಾಕುವ ಕಾಗದ. ಯಾವ ಕೆಲಸಕ್ಕೆ ಕೊಡುತ್ತಿದ್ದೇವೆ, ಏನು ಮಾಡಬಹುದು, ಏನು ಮಾಡಬಾರದು, ಅದರಿಂದ ಹೊಸದೇನಾದರೂ ಹುಟ್ಟಿದರೆ ಅದು ಯಾರದು ಎಂಬುದೆಲ್ಲ ಅದರಲ್ಲಿರುತ್ತದೆ. ಇದು ಮಾರಾಟ ಅಲ್ಲ, ದಾನವೂ ಅಲ್ಲ. ಸಾಮಗ್ರಿ ಪಡೆದವರ ಫ್ರಿಜ್ಜಿನಲ್ಲಿದ್ದರೂ ಒಡೆತನ ಸಾಮಾನ್ಯವಾಗಿ ಕೊಟ್ಟವರದೇ.

ಆ ಸಂಸ್ಥೆಯ ಜೊತೆ ಎಂಒಯು ಇದೆಯಲ್ಲ, ಸಾಲದಾ?

ಸಾಲದು. ಎಂಒಯು ಅಂದರೆ ‘ಮುಂದೆ ಒಟ್ಟಿಗೆ ಕೆಲಸ ಮಾಡೋಣ’ ಎಂಬ ಒಪ್ಪಿಗೆ. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ಅದಕ್ಕೆ. ಯಾವ ಟ್ಯೂಬು, ಎಷ್ಟು ಗ್ರಾಂ, ಏನು ಷರತ್ತು ಎಂಬುದು ಅದರಲ್ಲಿ ಇರುವುದೇ ಇಲ್ಲ. ಎಂಒಯು ಜೊತೆಗೆ ಎಂಟಿಎ ಅನುಬಂಧವಾಗಿ ಇದ್ದರೆ ಬೇರೆ ಮಾತು.

ಸುಮ್ನೆ ಕೊಟ್ಟುಬಿಟ್ಟರೆ ಏನಾಗುತ್ತೆ? ಹಿಂದೆಲ್ಲ ಹಾಗೇ ಕೊಡ್ತಿದ್ರಲ್ವಾ?

ಹೌದು. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಕೊಡುತ್ತಿದ್ದರು, ಅದರಿಂದ ಒಳ್ಳೆಯದೂ ಆಗಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. 1970ರ ದಶಕದಿಂದ ಅವು ಹಳೆ ಮೈಸೂರಿನ ಹೊಲ ತುಂಬಿದವು. ಅಲ್ಲಿನ ಬೀಜ ಇಲ್ಲಿಗೆ ಬರದೇ ಇದ್ದಿದ್ದರೆ ಆ ತಳಿಗಳೇ ಇರುತ್ತಿರಲಿಲ್ಲ.

ಆಗ ಬೀಜ ಎಲ್ಲರ ಆಸ್ತಿ ಎಂಬ ಭಾವನೆ ಇತ್ತು. 1992ರ ಜೀವವೈವಿಧ್ಯ ಒಪ್ಪಂದದ ನಂತರ ಅದು ಬದಲಾಯಿತು. ಒಂದು ದೇಶದ ನೆಲದಲ್ಲಿ ಹುಟ್ಟಿದ ಜೈವಿಕ ಸಂಪನ್ಮೂಲದ ಮೇಲೆ ಆ ದೇಶಕ್ಕೇ ಹಕ್ಕು ಎಂದಾಯಿತು. ಅದರ ಮುಂದುವರಿಕೆಯಾಗಿ ನಮ್ಮಲ್ಲಿ 2002ರಲ್ಲಿ ಜೈವಿಕ ವೈವಿಧ್ಯ ಕಾಯ್ದೆ ಬಂತು. ಈ ನಡುವೆ ಅರಿಶಿನದ ಗಾಯ ಮಾಯಿಸುವ ಗುಣಕ್ಕೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟದ್ದು, ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಜಗಳವಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿದ್ದು ನಿಮಗೆ ಗೊತ್ತೇ ಇದೆ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕಾದರೆ ಬಿಟಿ ಬದನೆ, ಅಂದರೆ ಹುಳ ತಡೆಯುವ ಜೀನ್ ಸೇರಿಸಿದ ಕುಲಾಂತರಿ ಬದನೆ. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಬಳಸುವ ಮುಂಚೆ ಕಾಯ್ದೆ ಹೇಳುವ ಅನುಮತಿ ಪಡೆದಿಲ್ಲ ಎಂದು 2010ರಲ್ಲಿ ದೂರು ಬಂತು. ವಿಷಯ ಕೋರ್ಟಿನ ಮೆಟ್ಟಿಲು ಹತ್ತಿತು. ಅದರಲ್ಲಿ ವಿಶ್ವವಿದ್ಯಾಲಯದವರ ಹೆಸರೂ ಇತ್ತು, ಬರೀ ಬೀಜ ಕಂಪನಿಯದಲ್ಲ. ‘ನಾವು ವಿಜ್ಞಾನಿಗಳು, ನಮಗ್ಯಾಕೆ ಇದೆಲ್ಲ’ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ.

ನಮ್ಮ ಕಡೆ ಯಾವ್ಯಾವ ಸಾಮಗ್ರಿಗೆ ಇದು ಬೇಕಾಗುತ್ತದೆ?

ಭತ್ತ, ರಾಗಿ, ಕಬ್ಬಿನ ತಳಿಗಳು, ಹಿಪ್ಪುನೇರಳೆ ಕಡ್ಡಿ, ರೇಷ್ಮೆ ಮೊಟ್ಟೆ, ಆಹಾರದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ, ಶಿಲೀಂಧ್ರ, ಗಿಡಮೂಲಿಕೆಯ ಸಾರ, ಜೀವಕೋಶದ ಲೈನ್‌ಗಳು (ಲ್ಯಾಬಿನಲ್ಲಿ ಸತತವಾಗಿ ಬೆಳೆಸಿಕೊಂಡು ಬರುವ ಜೀವಕೋಶಗಳು), ಪ್ಲಾಸ್ಮಿಡ್ (ಬ್ಯಾಕ್ಟೀರಿಯಾದೊಳಗಿನ ಚಿಕ್ಕ ಡಿಎನ್‌ಎ ಬಳೆ), ರಕ್ತ, ಲಾಲಾರಸ, ಮಾತಿನ ರೆಕಾರ್ಡಿಂಗ್, ಹೊಸದಾಗಿ ತಯಾರಿಸಿದ ರಾಸಾಯನಿಕ, ಸಾಫ್ಟ್‌ವೇರ್ ಕೂಡ. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ರಕ್ಷಣಾ ಇಲಾಖೆಯ ಪ್ರಯೋಗಾಲಯ (ಹಿಂದಿನ ಡಿಎಫ್‌ಆರ್‌ಎಲ್), ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ, ಮಾನಸಗಂಗೋತ್ರಿ, ವಾಕ್ ಶ್ರವಣ ಸಂಸ್ಥೆ ಎಲ್ಲ ಒಂದೇ ಊರಲ್ಲಿವೆ. ಮಂಡ್ಯಕ್ಕೆ ಒಂದು ಗಂಟೆಯ ದಾರಿ. ಹಾಗಾಗಿ ಸಾಮಗ್ರಿಗಳು ಸ್ಕೂಟರ್ ಡಿಕ್ಕಿಯಲ್ಲೇ ಓಡಾಡುತ್ತವೆ.

ಕೆಲವು ಸಾಮಗ್ರಿ ಸ್ವಲ್ಪ ಕೊಟ್ಟರೂ ಪೂರ್ತಿ ಕೊಟ್ಟ ಹಾಗೇ. ಹಿಪ್ಪುನೇರಳೆಯ ಒಂದು ಕಡ್ಡಿ, ಕಬ್ಬಿನ ಒಂದು ಕಣ್ಣು, ಒಂದು ಹಿಡಿ ಭತ್ತ, ಲೂಪ್ ಎಂಬ ತಂತಿ ಬಳೆಯ ತುದಿಗೆ ಅಂಟಿದಷ್ಟು ಬ್ಯಾಕ್ಟೀರಿಯಾ ಇದ್ದರೆ ಸಾಕು, ಮಿಕ್ಕಿದ್ದನ್ನು ಅವೇ ಬೆಳೆಸಿಕೊಳ್ಳುತ್ತವೆ. ಇಂಥವಕ್ಕೆ ‘ಸ್ಯಾಂಪಲ್ ಚಿಕ್ಕದು’ ಎಂಬ ಸಮಾಧಾನ ಬೇಡ.

ಅಂಗಡಿಯಲ್ಲಿ ಕೊಂಡ ರಾಸಾಯನಿಕಕ್ಕೂ ಬೇಕಾ?

ಬೇಡ. ದುಡ್ಡು ಕೊಟ್ಟು ಕೊಂಡದ್ದಕ್ಕೆ ಬಿಲ್ಲೇ ಸಾಕು. ಆದರೆ ಕೊಂಡ ಜೀವಕೋಶದ ಲೈನ್, ಕಿಟ್, ಸೂಕ್ಷ್ಮಜೀವಿಗಳ ಜೊತೆ ‘ಬೇರೆಯವರಿಗೆ ಕೊಡಬಾರದು’ ಎಂಬ ಚಿಕ್ಕ ಅಕ್ಷರದ ಹಾಳೆ ಬಂದಿರುತ್ತದೆ. ಪಕ್ಕದ ಸಂಸ್ಥೆಯ ಗೆಳೆಯರಿಗೆ ಹಂಚುವ ಮುಂಚೆ ಅದನ್ನು ಓದಿ.

ಪಕ್ಕದ ವಿಭಾಗಕ್ಕೆ ಕೊಟ್ಟರೆ?

ಒಂದೇ ವಿಶ್ವವಿದ್ಯಾಲಯದೊಳಗೆ ಎಂಟಿಎ ಬೇಡ. ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆದುಕೊಳ್ಳಿ. ಸಂಯೋಜಿತ ಕಾಲೇಜು ಬೇರೆ ಆಡಳಿತದ್ದಾದರೆ ಅದು ಹೊರಗಿನ ಸಂಸ್ಥೆಯೇ.

ಯಾರು ಸಹಿ ಹಾಕಬೇಕು? ಗೈಡ್ ಸಹಿ ಸಾಕಾ?

ಸಾಕಾಗುವುದಿಲ್ಲ. ಒಪ್ಪಂದ ನಡೆಯುವುದು ಸಂಸ್ಥೆ ಸಂಸ್ಥೆಗಳ ನಡುವೆ. ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ರಿಜಿಸ್ಟ್ರಾರ್ ಅಥವಾ ಅವರು ಅಧಿಕಾರ ಕೊಟ್ಟವರು, ಸಂಶೋಧನಾ ಸಂಸ್ಥೆಯಲ್ಲಿ ನಿರ್ದೇಶಕರು ಅಥವಾ ಅವರ ಪರವಾಗಿ ನೇಮಕವಾದವರು ಸಹಿ ಹಾಕುತ್ತಾರೆ. ಗೈಡ್ ‘ಓದಿ ಅರ್ಥ ಮಾಡಿಕೊಂಡಿದ್ದೇನೆ’ ಎಂದು ಕೆಳಗೆ ಸಹಿ ಹಾಕುವುದುಂಟು, ಅಷ್ಟೇ.

ಆಗಾಗ ನಡೆಯುವ ಒಂದು ಸಂಗತಿ ಹೇಳುತ್ತೇನೆ. ಹೊರದೇಶದ ಪ್ರಯೋಗಾಲಯ ಇಮೇಲ್‌ನಲ್ಲಿ ಒಂದು ಪಿಡಿಎಫ್ ಕಳಿಸುತ್ತದೆ. ‘ಸುಮ್ನೆ ಸೈನ್ ಮಾಡಿ ವಾಪಸ್ ಕಳಿಸಿ’ ಅನ್ನುತ್ತಾರೆ. ಸ್ಕಾಲರ್ ಅವಸರದಲ್ಲಿ ಸಹಿ ಮಾಡಿಬಿಡುತ್ತಾರೆ. ಅವರಿಗೆ ಸಂಸ್ಥೆಯನ್ನು ಕಟ್ಟಿಹಾಕುವ ಅಧಿಕಾರ ಇಲ್ಲ. ನಾಳೆ ತಕರಾರು ಬಂದರೆ ‘ನಮಗೆ ಗೊತ್ತಿಲ್ಲ’ ಎಂದು ಸಂಸ್ಥೆ ಕೈ ತೊಳೆದುಕೊಳ್ಳಬಹುದು. ಉಳಿಯುವುದು ಸ್ಕಾಲರ್ ಹೆಸರೊಂದೇ. ಆನ್‌ಲೈನ್‌ನಲ್ಲಿ ‘ಒಪ್ಪಿದ್ದೇನೆ’ ಎಂಬ ಬಟನ್ ಒತ್ತುವುದೂ ಸಹಿಯೇ ಎಂಬುದು ನೆನಪಿರಲಿ.

ಒಪ್ಪಂದ ಹತ್ತು ಪುಟ ಇದೆ. ಮೊದಲು ಏನನ್ನು ಓದಬೇಕು?

ಹಿಂದಿನಿಂದ ಶುರು ಮಾಡಿ. ಕೊನೆಯ ಪುಟದ ಅನುಬಂಧದಲ್ಲಿ ಸಾಮಗ್ರಿಯ ವಿವರ ಇರುತ್ತದೆ. ಜಗಳಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಅಲ್ಲೇ. ‘ರಾಜಮುಡಿ ಭತ್ತ, 1 ಪ್ಯಾಕೆಟ್’ ಎಂದು ಬರೆದರೆ ಏನೂ ಬರೆದಂತಲ್ಲ. ‘ರಾಜಮುಡಿ, ಪಾಂಡವಪುರ ತಾಲ್ಲೂಕಿನ ಇಂಥ ಊರಿನ ಗದ್ದೆಯಿಂದ ಸಂಗ್ರಹಿಸಿದ್ದು, ಸಂಗ್ರಹ ಸಂಖ್ಯೆ ಇಂಥದ್ದು, ಇಂಥ ಹಂಗಾಮಿನ ಬೀಜ, 50 ಗ್ರಾಂ, ಬೀಜೋಪಚಾರ ಮಾಡಿಲ್ಲ’ ಎಂದು ಬರೆಯಿರಿ. ದೋಸೆ ಹಿಟ್ಟಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಆದರೆ ನಿಮ್ಮ ಸ್ಟ್ರೇನ್ (ಉಪತಳಿ) ಸಂಖ್ಯೆ, ಯಾವಾಗ ಬೇರ್ಪಡಿಸಿದ್ದು, ಎಷ್ಟು ಟ್ಯೂಬು ಎಂಬುದೆಲ್ಲ ಇರಬೇಕು. ಐದು ವರ್ಷ ಕಳೆದ ಮೇಲೆ ಇಬ್ಬರೂ ಆ ಕೆಲಸದಲ್ಲಿ ಇರುವುದಿಲ್ಲ. ಆಗ ಕಾಗದ ಓದಿದವರಿಗೆ ಯಾವ ಟ್ಯೂಬಿನ ಮಾತು ಇದು ಎಂದು ತಿಳಿಯಬೇಕು.

ಆಮೇಲೆ ‘ಸಾಮಗ್ರಿ’ ಪದದ ವ್ಯಾಖ್ಯಾನ ನೋಡಿ. ಕೊಟ್ಟದ್ದು ಮಾತ್ರವೇ? ಅದರ ಸಂತತಿಯೂ ಸೇರುತ್ತದೆಯೇ? ಸಂತತಿ ಸೇರುವುದು ನ್ಯಾಯ. ಬ್ಯಾಕ್ಟೀರಿಯಾ ಬೆಳೆಸಿದರೆ ಬರುವುದು ಅದೇ ಬ್ಯಾಕ್ಟೀರಿಯಾ. ಆದರೆ ನಿಮ್ಮ ತಳಿಯನ್ನು ಇನ್ನೊಂದರ ಜೊತೆ ಕೂಡಿಸಿ ಹೊಸ ತಳಿ ಮಾಡಿದರೆ? ಅದು ಮಾರ್ಪಾಡು. ಕೊಟ್ಟವರದು ಅದರೊಳಗಿನ ಮೂಲ ಭಾಗ, ಮಾರ್ಪಾಡು ಮಾಡಿದವರದು ಹೊಸ ಭಾಗ ಎಂದು ಒಳ್ಳೆಯ ಒಪ್ಪಂದ ಬಿಡಿಸಿ ಹೇಳುತ್ತದೆ. ‘ಈ ಸಾಮಗ್ರಿ ಬಳಸಿ ಕಂಡುಹಿಡಿದ ಎಲ್ಲವೂ ನಮ್ಮದೇ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಒಂದು ಟ್ಯೂಬ್ ಕೊಟ್ಟು ನಿಮ್ಮ ಇಡೀ ಪಿಎಚ್‌ಡಿ ಕೇಳುತ್ತಿದ್ದಾರೆ ಎಂದರ್ಥ.

ಮೂರನೆಯದು, ಯಾವ ಕೆಲಸಕ್ಕೆ ಎಂಬ ಸಾಲು. ‘ಸಂಶೋಧನೆಗೆ’ ಎಂದಷ್ಟೇ ಇದ್ದರೆ ಕೊಡುವವರಿಗೆ ನಷ್ಟ. ತೀರಾ ಬಿಗಿಯಾಗಿದ್ದರೆ ಪಡೆಯುವವರಿಗೆ ನಷ್ಟ, ಪ್ರಯೋಗ ಸ್ವಲ್ಪ ಆಚೀಚೆ ಆದರೂ ಮತ್ತೆ ಅನುಮತಿ ಕೇಳಬೇಕು. ಮೂರನೆಯವರಿಗೆ ದಾಟಿಸಬಾರದು ಎಂಬ ಷರತ್ತು ಇರಲೇಬೇಕು.

ಹೊಣೆಗಾರಿಕೆ, ಯಾವ ಊರಿನ ಕೋರ್ಟು, ಮಧ್ಯಸ್ಥಿಕೆ ಇವನ್ನು ಕಾನೂನು ಸಲಹೆಗಾರರು ನೋಡಿಕೊಳ್ಳುತ್ತಾರೆ. ಸರ್ಕಾರಿ ಸಂಸ್ಥೆಗಳು ಹೊರದೇಶದ ಕೋರ್ಟಿಗೆ ಸುಲಭವಾಗಿ ಒಪ್ಪುವುದಿಲ್ಲ. ಎರಡೂ ಕಡೆಯವರು ಪಟ್ಟು ಹಿಡಿದರೆ ಆ ಸಾಲನ್ನೇ ಬಿಟ್ಟುಬಿಡುವುದೂ ಉಂಟು.

ಪ್ರಬಂಧ ಪ್ರಕಟಿಸುವ ಮುಂಚೆ ಕಂಪನಿಗೆ ತೋರಿಸಬೇಕು ಅನ್ನುತ್ತಾರೆ. ಒಪ್ಪಬಹುದಾ?

ತೋರಿಸುವುದಕ್ಕೆ ಒಪ್ಪಿ. ತಡೆಯುವ ಹಕ್ಕಿಗೆ ಒಪ್ಪಬೇಡಿ. ಅವರ ಗುಟ್ಟು ಏನಾದರೂ ಹೊರಬೀಳುತ್ತದೆಯೇ, ಪೇಟೆಂಟ್ ಅರ್ಜಿ ಹಾಕುವುದಿದೆಯೇ ಎಂದು ನೋಡಲು 30 ದಿನ, 60 ದಿನ ಕೇಳುವುದು ನ್ಯಾಯವೇ. ಗಡುವು ಮುಗಿದ ಮೇಲೆ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು ಬರೆಸಿಕೊಳ್ಳಿ. ‘ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಪ್ರಕಟಿಸುವಂತಿಲ್ಲ’ ಎಂದಿದ್ದರೆ, ಫಲಿತಾಂಶ ಅವರಿಗೆ ಹಿಡಿಸದೇ ಹೋದಾಗ ನಿಮ್ಮ ಥೀಸಿಸ್ ಅವರ ಮೇಜಿನ ಡ್ರಾಯರ್ ಸೇರುತ್ತದೆ. ಪಿಎಚ್‌ಡಿ ವಿದ್ಯಾರ್ಥಿ ಇರುವ ಕೆಲಸದಲ್ಲಿ ಈ ಸಾಲಿಗೆ ನಾನಂತೂ ‘ಬೇಡ’ ಎಂದೇ ಬರೆಯುತ್ತೇನೆ. ಥೀಸಿಸ್ ಸಲ್ಲಿಕೆ, ವೈವಾ ಇವು ಪ್ರಕಟಣೆಯ ನಿರ್ಬಂಧಕ್ಕೆ ಒಳಪಡುವುದಿಲ್ಲ ಎಂದು ಬೇರೆಯಾಗಿ ಸೇರಿಸಿ.

ಪೇಟೆಂಟ್ ತೆಗೆದುಕೊಳ್ಳುವ ಹಾಗಾದರೆ?

ಗಿಡ, ಬೀಜ, ತಳಿಗಳಿಗೆ ನಮ್ಮ ದೇಶದಲ್ಲಿ ಪೇಟೆಂಟ್ ಇಲ್ಲ. ಹೊಸ ತಳಿಗೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ನೋಂದಣಿ ಇದೆ. ಸೂಕ್ಷ್ಮಜೀವಿಯ ವಿಷಯದಲ್ಲಿ ಪೇಟೆಂಟ್‌ಗೆ ಅವಕಾಶ ಇದೆ, ಅದಕ್ಕೆ ಚಂಡೀಗಢ, ಪುಣೆಯಂಥ ಕಡೆ ಇರುವ ಮಾನ್ಯ ಸಂಗ್ರಹಾಲಯದಲ್ಲಿ ಅದನ್ನು ಠೇವಣಿ ಇಡಬೇಕಾಗಬಹುದು. ಅರ್ಜಿಯಲ್ಲಿ ಜೈವಿಕ ಸಾಮಗ್ರಿ ಎಲ್ಲಿಂದ ಬಂತು ಎಂದು ಹೇಳಲೇಬೇಕು. ನಿಮ್ಮ ಎಂಟಿಎ ಅಲ್ಲಿ ದಾಖಲೆಯಾಗಿ ಉಪಯೋಗಕ್ಕೆ ಬರುತ್ತದೆ. ಜೊತೆಗೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲೂ ತಟ್ಟಬೇಕು. ಜೈವಿಕ ವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯ ನಂತರ ಭಾರತೀಯರು ಹಕ್ಕು ಮಂಜೂರಾಗುವ ಮುಂಚೆ ಅಲ್ಲಿ ನೋಂದಣಿ ಮಾಡಿಸಿದರೆ ಸಾಕು. ಮಾರುಕಟ್ಟೆಗೆ ಇಳಿಸುವಾಗ ಅನುಮತಿ ಬೇಕು.

ಸಿದ್ಧ ನಮೂನೆ ಯಾವುದಾದರೂ ಇದೆಯಾ?

ಇದೆ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 1995ರಲ್ಲಿ ಯುಬಿಎಂಟಿಎ ಎಂಬ ಏಕರೂಪದ ಒಪ್ಪಂದ ಹೊರತಂದಿತು. ಲಾಭದ ಉದ್ದೇಶ ಇಲ್ಲದ ಸಂಸ್ಥೆಗಳ ನಡುವೆ ಅದು ಚೆನ್ನಾಗಿ ನಡೆಯುತ್ತದೆ. ಪ್ಲಾಸ್ಮಿಡ್ ಹಂಚುವ ಆ್ಯಡ್‌ಜೀನ್ ಸಂಸ್ಥೆಯೂ ಅದನ್ನೇ ಬಳಸುತ್ತದೆ. ಮಾರ್ಪಾಡು ಯಾರದು ಎಂಬ ಮಾತನ್ನು ಅದರಲ್ಲಿ ಬಿಡಿಸಿ ಹೇಳಿದ್ದಾರೆ, ನಿಮ್ಮದೇ ಒಪ್ಪಂದ ಬರೆಯುವಾಗ ನೋಡಿಕೊಳ್ಳಬಹುದು.

ಬೆಳೆಗಳಿಗೆ ಬೇರೆ ನಮೂನೆ. ಆಹಾರ ಮತ್ತು ಕೃಷಿ ಸಸ್ಯ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಡಂಬಡಿಕೆ 2004ರಲ್ಲಿ ಜಾರಿಗೆ ಬಂತು. ಭಾರತವೂ ಅದರಲ್ಲಿದೆ. ಅದರ ಪಟ್ಟಿಯಲ್ಲಿರುವ 64 ಬೆಳೆ ಮತ್ತು ಮೇವುಗಳಿಗೆ 2006ರಲ್ಲಿ ಎಸ್‌ಎಂಟಿಎ ಎಂಬ ಒಂದೇ ಒಪ್ಪಂದ ಮಾಡಿದರು. ಭತ್ತ, ರಾಗಿ ಪಟ್ಟಿಯಲ್ಲಿವೆ. ಕಬ್ಬು ಇಲ್ಲ! ಮಂಡ್ಯದವರು ಇದನ್ನು ಗಮನಿಸಬೇಕು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇರ್ರಿ ಭತ್ತ ಕಳಿಸಿದರೂ ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ರಾಗಿ ಕಳಿಸಿದರೂ ಈ ಒಪ್ಪಂದವೇ ಜೊತೆಗೆ ಬರುತ್ತದೆ. ಇದರ ಒಂದು ಪದವನ್ನೂ ಬದಲಿಸುವ ಹಾಗಿಲ್ಲ. ಆ ಬೀಜದಿಂದ ಮಾಡಿದ ತಳಿಯನ್ನು ಮಾರುಕಟ್ಟೆಗೆ ಬಿಟ್ಟು, ಬೇರೆಯವರು ಅದರ ಮೇಲೆ ಸಂಶೋಧನೆ ಮಾಡದಂತೆ ಬೇಲಿ ಹಾಕಿದರೆ, ಮಾರಾಟದ ಶೇ 1.1ರಲ್ಲಿ ಶೇ 30 ಕಳೆದು, ಅಂದರೆ ಶೇ 0.77 ಒಡಂಬಡಿಕೆಯ ನಿಧಿಗೆ ಕಟ್ಟಬೇಕು. ಬೇಲಿ ಹಾಕದಿದ್ದರೆ ಕೊಡುವುದು ನಿಮ್ಮಿಷ್ಟ.

ವಿದೇಶಕ್ಕೆ ಕಳಿಸಲು ಎಂಟಿಎ ಒಂದೇ ಸಾಕಾ?

ಖಂಡಿತ ಇಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಎಂಟಿಎ ಇಬ್ಬರ ನಡುವಿನ ಮಾತು. ಭಾರತದ ಜೈವಿಕ ಸಂಪನ್ಮೂಲ ಹೊರಗೆ ಹೋಗುವಾಗ ಸರ್ಕಾರವೂ ಒಪ್ಪಬೇಕು. ಜೈವಿಕ ವೈವಿಧ್ಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ವಿದೇಶಿಯರು ನಮ್ಮ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಬೇಕಾದರೂ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಮೊದಲೇ ಬೇಕು. 4ನೇ ಸೆಕ್ಷನ್ ಸಂಶೋಧನೆಯ ಫಲಿತಾಂಶ ವರ್ಗಾಯಿಸುವುದರ ಬಗ್ಗೆ ಇದೆ. ಜರ್ನಲ್‌ನಲ್ಲಿ ಪ್ರಬಂಧ ಬರೆಯುವುದು, ವಿಚಾರ ಸಂಕಿರಣದಲ್ಲಿ ಹೇಳುವುದು ಮಾರ್ಗಸೂಚಿ ಪಾಲಿಸಿದರೆ ಅದರಡಿ ಬರುವುದಿಲ್ಲ, ಗಾಬರಿ ಬೇಡ.

5ನೇ ಸೆಕ್ಷನ್‌ನಲ್ಲಿ ಒಂದು ದಾರಿ ಇದೆ. ಎರಡು ದೇಶಗಳ ಸಂಸ್ಥೆಗಳ ಸಹಯೋಗದ ಯೋಜನೆ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಇದ್ದು, ಕೇಂದ್ರದ ಒಪ್ಪಿಗೆಯನ್ನೂ ಪಡೆದಿದ್ದರೆ ಪ್ರಾಧಿಕಾರದ ಪ್ರತ್ಯೇಕ ಅನುಮತಿ ಬೇಡ. ಹಾಗಾಗಿ ಯೋಜನೆ ಬರೆಯುವಾಗಲೇ ಯಾವ ಸಾಮಗ್ರಿ, ಎಷ್ಟು ಪ್ರಮಾಣ ಹೊರಗೆ ಹೋಗುತ್ತದೆ ಎಂದು ಸೇರಿಸಿಬಿಡಿ. ಅನುದಾನ ಬಂದ ಮೇಲೆ ‘ಒಂದಿಷ್ಟು ಬೀಜ ಕಳಿಸಬೇಕಿತ್ತು’ ಎಂದರೆ ಕಷ್ಟ.

ತಪ್ಪಿದರೆ? ಹಿಂದೆ ಜೈಲು ಶಿಕ್ಷೆಯೂ ಇತ್ತು. 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಈಗ ಜೈಲಿನ ಬದಲು ದಂಡ, 1 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ. ಉಲ್ಲಂಘನೆ ಮುಂದುವರಿದರೆ ಇನ್ನೂ ಜಾಸ್ತಿ. ನಿಯಮಗಳೂ ಅರ್ಜಿ ನಮೂನೆಗಳೂ ಹೊಸದಾಗಿವೆ. ಹಳೆ ಫೈಲಿನಿಂದ ಅರ್ಜಿ ನಕಲು ಮಾಡಬೇಡಿ, ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಿ.

ಕಂಪನಿ ಇರುವುದು ಬೆಂಗಳೂರಿನಲ್ಲಿ. ಅದು ಸ್ವದೇಶಿ ತಾನೆ?

ವಿಳಾಸ ನೋಡಿ ಹೇಳಲಾಗದು. ಭಾರತದಲ್ಲಿ ನೋಂದಣಿಯಾಗಿದ್ದರೂ ವಿದೇಶಿಯರ ಹಿಡಿತದಲ್ಲಿದ್ದರೆ 3ನೇ ಸೆಕ್ಷನ್ ಅನ್ವಯಿಸುತ್ತದೆ. ಹಿಂದೆ ಷೇರಿನಲ್ಲಿ ಚೂರು ವಿದೇಶಿ ಪಾಲು ಇದ್ದರೂ ಸಿಕ್ಕಿಹಾಕಿಕೊಳ್ಳುತ್ತಿದ್ದರು. ತಿದ್ದುಪಡಿ ಅದನ್ನು ‘ಹಿಡಿತ’ ಎಂದು ಬದಲಿಸಿದೆ. ಕಂಪನಿಯಿಂದಲೇ ಒಂದು ಘೋಷಣಾ ಪತ್ರ ತೆಗೆದುಕೊಳ್ಳಿ. ಪೂರ್ತಿ ಸ್ವದೇಶಿ ಕಂಪನಿ ವಾಣಿಜ್ಯ ಉದ್ದೇಶಕ್ಕೆ ಬಳಸುವುದಾದರೆ ಕರ್ನಾಟಕ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕು. ಭಾರತೀಯ ಸಂಸ್ಥೆಗಳು ತಮ್ಮಲ್ಲೇ ಬರೀ ಸಂಶೋಧನೆ ಮಾಡಿಕೊಳ್ಳಲು ಈ ಕಾಯ್ದೆಯಲ್ಲಿ ಮುಂಚಿತ ಅನುಮತಿ ಬೇಡ.

ಬೀಜ ರೈತರ ಹೊಲದಿಂದ ತಂದದ್ದು. ಅವರಿಗೂ ಏನಾದರೂ ಬರೆದುಕೊಡಬೇಕಾ?

ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡು ಸಂಸ್ಥೆಗಳ ಒಪ್ಪಂದದಲ್ಲಿ ರೈತ ಎಲ್ಲೂ ಕಾಣಿಸುವುದಿಲ್ಲ. ಆದರೆ ಬೀಜ ಉಳಿಸಿಕೊಂಡು ಬಂದವರು ಅವರೇ ಅಲ್ವಾ? ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಅವರು ನೂರಾರು ನಾಟಿ ಭತ್ತದ ತಳಿಗಳನ್ನು ವರ್ಷ ವರ್ಷ ಬಿತ್ತಿ ಉಳಿಸಿದ್ದಾರೆ. ಅಂಥವರ ಮನೆಗೆ ಹೋಗಿ, ಕಾಫಿ ಕುಡಿದು, ತೆನೆ ತಂದು, ಪ್ರಬಂಧದಲ್ಲಿ ‘ಸ್ಥಳೀಯವಾಗಿ ಸಂಗ್ರಹಿಸಿದ್ದು’ ಎಂದು ಬರೆದು ಮುಗಿಸುವವರಿದ್ದಾರೆ. ಅದು ಸರಿಯಲ್ಲ.

2001ರ ಸಸ್ಯ ತಳಿ ಕಾಯ್ದೆ ರೈತರಿಗೆ ತಮ್ಮ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕು ಕೊಟ್ಟಿದೆ. ರೈತರ ತಳಿ ಎಂದು ನೋಂದಣಿಯನ್ನೂ ಮಾಡಿಸಬಹುದು, ಅದಕ್ಕೆ ಶುಲ್ಕ ಇಲ್ಲ. ಅವರ ತಳಿಯಿಂದ ಹೊಸ ತಳಿ ಹುಟ್ಟಿದರೆ ಲಾಭದಲ್ಲಿ ಪಾಲು ಕೇಳುವ ದಾರಿಯೂ ಇದೆ. ಈ ಪಾಲು ಕೇಳಬೇಕಾದರೆ ‘ಬೀಜ ನನ್ನಿಂದ ಹೋಯಿತು’ ಎಂಬುದಕ್ಕೆ ಅವರ ಕೈಯಲ್ಲಿ ಒಂದು ಕಾಗದ ಇರಬೇಕು. ಒಂದೇ ಪುಟ ಸಾಕು, ಕನ್ನಡದಲ್ಲಿ. ಯಾವ ತಳಿ, ಎಷ್ಟು, ಯಾರಿಗೆ, ಯಾವ ಕೆಲಸಕ್ಕೆ, ಬೇರೆಯವರಿಗೆ ಕೊಡುವ ಮುಂಚೆ ಮತ್ತೆ ಕೇಳುತ್ತೇವೆ ಎಂಬ ಮಾತು. ಎರಡು ಪ್ರತಿ ಮಾಡಿ, ಒಂದನ್ನು ಅವರಿಗೇ ಕೊಟ್ಟು ಬನ್ನಿ. ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿ ಕೆಲಸ ಮಾಡುತ್ತಿದ್ದರೆ ಅವರ ಗಮನಕ್ಕೂ ತನ್ನಿ. ಮುಂದೆ ಈ ಬೀಜವನ್ನು ನೀವು ಇನ್ನೊಂದು ಸಂಸ್ಥೆಗೆ ಕೊಡುವಾಗ ಈ ಪುಟವನ್ನು ಎಂಟಿಎಗೆ ಲಗತ್ತಿಸಿ.

ವಿದೇಶದಿಂದ ಬೀಜ ತರಿಸಬೇಕು. ಕೊರಿಯರ್‌ನಲ್ಲಿ ನೇರ ತರಿಸಬಹುದಾ?

ಬೇಡ. ಸಂಶೋಧನೆಯ ಬೀಜ, ಸಸಿಗಳು ದೆಹಲಿಯಲ್ಲಿರುವ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆ ಎನ್‌ಬಿಪಿಜಿಆರ್ ಮೂಲಕವೇ ಬರಬೇಕು. ಆಮದು ಪರವಾನಗಿ ಅವರೇ ಕೊಡುತ್ತಾರೆ. ಕಳಿಸುವ ದೇಶದಿಂದ ಸಸ್ಯ ಆರೋಗ್ಯ ಪ್ರಮಾಣಪತ್ರ ಬರಬೇಕು. ಬಂದ ಬೀಜದಲ್ಲಿ ರೋಗ, ಹುಳು ಇದೆಯೇ ಎಂದು ಅವರು ಪರೀಕ್ಷೆ ಮಾಡಿ ನಿಮಗೆ ಕಳಿಸುತ್ತಾರೆ. ಗೆಳೆಯರ ಜೇಬಿನಲ್ಲಿ ಬಂದ ಬೀಜ ಬಿತ್ತಿದರೆ ಎಂಟಿಎ ಹೋಗಲಿ, ಊರಿಗೇ ಹೊಸ ರೋಗ ತಂದುಬಿಡಬಹುದು.

ಕುಲಾಂತರಿ ಸಾಮಗ್ರಿ?

ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯಿಂದ ಶುರು ಮಾಡಿ. ಅಪಾಯದ ಮಟ್ಟ ನೋಡಿ ಕುಲಾಂತರಿ ಸಂಶೋಧನೆ ಪರಿಶೀಲಿಸುವ ಕೇಂದ್ರದ ಸಮಿತಿ ಆರ್‌ಸಿಜಿಎಂಗೆ ಹೋಗಬೇಕೋ ಬೇಡವೋ ಎಂದು ಅವರು ಹೇಳುತ್ತಾರೆ. ಇದರ ಬೇರು ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳಲ್ಲಿದೆ.

ರೋಗಿಗಳ ರಕ್ತ, ಲಾಲಾರಸ, ಮಾತಿನ ರೆಕಾರ್ಡಿಂಗ್ ಹಂಚಿಕೊಳ್ಳಬಹುದಾ?

ಹಂಚಿಕೊಳ್ಳಬಹುದು, ಆದರೆ ಅವರು ಒಪ್ಪಿಗೆ ಕೊಟ್ಟಷ್ಟು ಮಾತ್ರ. ಮೊದಲು ಒಪ್ಪಿಗೆ ಪತ್ರ ತೆಗೆದು ಓದಿ. ‘ಈ ಅಧ್ಯಯನಕ್ಕೆ’ ಎಂದು ಸಹಿ ಹಾಕಿಸಿಕೊಂಡಿದ್ದರೆ ಬೇರೆ ಸಂಸ್ಥೆಗೆ ಕಳಿಸಲು ಅದು ಸಾಲದು. ಮತ್ತೆ ನೈತಿಕ ಸಮಿತಿಗೆ ಹೋಗಬೇಕು, ಬೇಕಾದರೆ ಮತ್ತೆ ಒಪ್ಪಿಗೆ ಪಡೆಯಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೂ ಎಂಟಿಎ ಇರಬೇಕು ಎನ್ನುತ್ತದೆ. ವಿದೇಶಿ ಸಹಯೋಗ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು.

ರೆಕಾರ್ಡಿಂಗ್ ವಿಷಯ ಇನ್ನೂ ಸೂಕ್ಷ್ಮ. ಟ್ಯೂಬಿನ ಮೇಲಿನ ಹೆಸರನ್ನು ಅಳಿಸಿ ಕೋಡ್ ಹಾಕಬಹುದು. ಧ್ವನಿಯ ಮೇಲೆ ಏನು ಹಾಕುತ್ತೀರಿ? ತೊದಲು ಮಾತಿನ ಮಗುವಿನ ರೆಕಾರ್ಡಿಂಗ್‌ನಲ್ಲಿ ಅಮ್ಮ ಹೆಸರು ಹಿಡಿದು ಕರೆದದ್ದು, ಊರಿನ ಹೆಸರು ಹೇಳಿದ್ದು ಎಲ್ಲ ಇರುತ್ತದೆ. ಕಳಿಸುವ ಮುಂಚೆ ಯಾರಾದರೂ ಕೂತು ಪೂರ್ತಿ ಕೇಳಿ ಅವನ್ನು ಕತ್ತರಿಸಬೇಕು. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿ ಇಟ್ಟುಕೊಳ್ಳಿ. ಇಂಥ ಕಡೆ ಎಂಟಿಎ ಬದಲು ಡೇಟಾ ಹಂಚಿಕೆ ಒಪ್ಪಂದ ಮಾಡುವುದು ಒಳ್ಳೆಯದು. ಯಾರು ನೋಡಬಹುದು, ಎಲ್ಲಿ ಇಡಬೇಕು, ಯಾವಾಗ ಅಳಿಸಬೇಕು ಎಂಬುದು ಅದರಲ್ಲಿರಲಿ.

ಡಿಎನ್‌ಎ ಸೀಕ್ವೆನ್ಸ್ (ಡಿಎನ್‌ಎ ಅಕ್ಷರಗಳ ಸರಣಿ) ಮಾತ್ರ ಕಳಿಸುತ್ತೇವೆ. ಅದು ಸಾಮಗ್ರಿ ಅಲ್ಲವಲ್ಲ?

ಅದರ ಚರ್ಚೆ ಜಗತ್ತಿನಲ್ಲಿ ಇನ್ನೂ ನಡೆದಿದೆ. ಟ್ಯೂಬ್ ಕೊಡದೆ ಸೀಕ್ವೆನ್ಸ್ ಕೊಟ್ಟರೂ ಕೆಲವೊಮ್ಮೆ ಅದೇ ಲಾಭ ಸಿಗುತ್ತದೆ. ಒಪ್ಪಂದದಲ್ಲಿ ‘ಸಾಮಗ್ರಿಯಿಂದ ತೆಗೆದ ಸೀಕ್ವೆನ್ಸ್ ಎಲ್ಲಿ ಹಾಕುತ್ತೇವೆ, ಯಾವಾಗ ಬಹಿರಂಗ ಮಾಡುತ್ತೇವೆ’ ಎಂದು ಒಂದು ಸಾಲು ಸೇರಿಸಿ. ಸರ್ಕಾರದ ಅನುದಾನದ ಡೇಟಾ ಇಡಲು ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಇದೆ.

ತಾಳೆಗರಿ, ಹಸ್ತಪ್ರತಿಗಳಿಗೂ ಇದೇ ನಿಯಮವಾ?

ಬೇರೆ. 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲೇ, ಆರ್. ಶಾಮಶಾಸ್ತ್ರಿಗಳ ಕೈಯಲ್ಲಿ. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಗೆ ಸೇರುತ್ತವೆ. ಮೂಲ ಪ್ರತಿ ದೇಶದ ಹೊರಗೆ ಕಳಿಸುವ ಮಾತು ಬಿಡಿ. ಸ್ಕ್ಯಾನ್ ಪ್ರತಿ ಕೊಡುವಾಗ ಎಲ್ಲಿ ಪ್ರಕಟಿಸಬಹುದು, ಯಾರ ಹೆಸರು ಹಾಕಬೇಕು ಎಂದು ಬರೆದರೆ ಸಾಕು.

ಪ್ಯಾಕಿಂಗ್ ಹೇಗೆ?

ಒಪ್ಪಂದ ಸರಿಯಿದ್ದು ಪಾರ್ಸೆಲ್ ಹಾಳಾದರೆ ಏನು ಬಂತು! ರೋಗಿಗಳ ಸ್ಯಾಂಪಲ್ ವಿಮಾನದಲ್ಲಿ ಹೋಗುವಾಗ ಮೂರು ಪದರ ಬೇಕು. ಸೋರದ ಟ್ಯೂಬು, ಸುತ್ತ ಹೀರುವ ಹತ್ತಿ ಅಥವಾ ಟಿಶ್ಯೂ, ಅದನ್ನು ಇಡಲು ಸೋರದ ಎರಡನೇ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ. ಒಳಗೇನಿದೆ ಎಂಬ ಪಟ್ಟಿ ಎರಡನೇ ಡಬ್ಬಿಗೂ ಹೊರ ಪೆಟ್ಟಿಗೆಗೂ ನಡುವೆ ಇರಲಿ. ಮಾಮೂಲಿ ರೋಗನಿರ್ಣಯದ ಸ್ಯಾಂಪಲ್ ಆದರೆ ಹೊರಗೆ ವಜ್ರಾಕಾರದ ಗುರುತಿನಲ್ಲಿ ಅದರ ಸಾಗಣೆ ಸಂಖ್ಯೆ ಯುಎನ್ 3373 ಎಂದು ಇರುತ್ತದೆ. ಡ್ರೈ ಐಸ್ ಹಾಕಿದರೆ ಯುಎನ್ 1845, ಜೊತೆಗೆ ಎಷ್ಟು ಕೆಜಿ ಎಂದೂ ಬರೆಯಬೇಕು. ಡ್ರೈ ಐಸ್ ಇರುವ ಥರ್ಮಾಕೋಲ್ ಡಬ್ಬಿಗೆ ಗಾಳಿ ಆಡದಂತೆ ಟೇಪ್ ಸುತ್ತಬೇಡಿ. ಅದು ಮೈನಸ್ 78 ಡಿಗ್ರಿಯಲ್ಲಿ ನೇರ ಅನಿಲವಾಗುತ್ತದೆ, ಹೊರಹೋಗಲು ದಾರಿ ಇಲ್ಲದಿದ್ದರೆ ಡಬ್ಬಿ ಸಿಡಿಯುತ್ತದೆ. ಶುಕ್ರವಾರ ಸಂಜೆ ಕಳಿಸಬೇಡಿ, ದಸರಾ ರಜೆಯ ಹಿಂದಿನ ದಿನವಂತೂ ಬೇಡವೇ ಬೇಡ.

ಎಲ್ಲ ಮುಗಿಯಲು ಎಷ್ಟು ಸಮಯ ಬೇಕು?

ಸಿದ್ಧ ನಮೂನೆಯಾದರೆ ಕೆಲವು ವಾರ. ಕಂಪನಿಯವರು ತಾವೇ ಬರೆದ ಒಪ್ಪಂದವಾದರೆ ತಿಂಗಳುಗಳು. ಪ್ರಾಧಿಕಾರದ ಅನುಮತಿ ಸೇರಿದರೆ ಇನ್ನೂ ಜಾಸ್ತಿ. ಫೈಲು ನಿಲ್ಲುವುದು ಸಾಮಾನ್ಯವಾಗಿ ದೊಡ್ಡ ತಕರಾರಿಗಲ್ಲ. ಅನುಬಂಧ ಖಾಲಿ ಇರುತ್ತದೆ, ಇಲ್ಲವೇ ಸಹಿ ಹಾಕುವವರ ಹುದ್ದೆ ತಪ್ಪಿರುತ್ತದೆ.

ಸಾಮಗ್ರಿಗೆ ದುಡ್ಡು ಕೇಳಬಹುದಾ?

ಬೆಳೆಸಿದ, ಪ್ಯಾಕ್ ಮಾಡಿದ, ಕಳಿಸಿದ ಖರ್ಚು ಕೇಳಬಹುದು. ಕಂಪನಿಗಳಿಂದ ಶುಲ್ಕ ತೆಗೆದುಕೊಳ್ಳುವುದು ಆಯಾ ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು.

ಪಿಎಚ್‌ಡಿ ಮುಗಿಸಿ ಬೇರೆ ಊರಿಗೆ ಹೋಗುತ್ತಿದ್ದೇನೆ. ನನ್ನ ಸ್ಟ್ರೇನ್‌ಗಳನ್ನು ಒಯ್ಯಬಹುದಾ?

ನೀವು ಬೇರ್ಪಡಿಸಿದ್ದು ನಿಜ, ರಾತ್ರಿ ನಿದ್ದೆಗೆಟ್ಟದ್ದೂ ನಿಜ. ಆದರೂ ಅವು ಸಂಸ್ಥೆಯವು. ಹಳೆ ಸಂಸ್ಥೆ, ಹೊಸ ಸಂಸ್ಥೆ ಇವೆರಡರ ನಡುವೆ ಒಂದು ಎಂಟಿಎ ಮಾಡಿಸಿ, ಗೈಡ್ ತಕರಾರಿಲ್ಲ ಎಂದರೆ ಬೇಗ ಆಗುತ್ತದೆ. ಹೊರಗಿನಿಂದ ಪಡೆದ ಸಾಮಗ್ರಿಯಾದರೆ ಮೂಲ ಕೊಟ್ಟವರನ್ನೂ ಕೇಳಬೇಕು. ಹೊರಡುವ ಮುಂಚೆ ಡೀಪ್ ಫ್ರೀಜರ್‌ನ ಯಾವ ರ‍್ಯಾಕ್, ಯಾವ ಡಬ್ಬಿಯಲ್ಲಿ ಏನಿದೆ ಎಂಬ ಪಟ್ಟಿ ಬರೆದಿಡಿ. ಯಾವ ಎಂಟಿಎ ಅಡಿಯಲ್ಲಿ ಬಂದದ್ದು ಎಂದು ಪಕ್ಕದಲ್ಲೇ ಬರೆಯಿರಿ. ಅದಿಲ್ಲದಿದ್ದರೆ ಮುಂದಿನ ಸ್ಕಾಲರ್ ಅದನ್ನು ಯಾರಿಗೋ ಕೊಟ್ಟುಬಿಡುತ್ತಾರೆ.

ಅವಧಿ ಮುಗಿದ ಮೇಲೆ ಉಳಿದ ಸಾಮಗ್ರಿ ಏನು ಮಾಡಬೇಕು?

ಒಪ್ಪಂದದಲ್ಲಿ ಹೇಳಿದಂತೆ ವಾಪಸ್ ಕೊಡಿ ಅಥವಾ ನಾಶ ಮಾಡಿ. ನಾಶ ಮಾಡಿದರೆ ಆಟೋಕ್ಲೇವ್ (ಒತ್ತಡದ ಬಿಸಿ ಹಬೆಯಲ್ಲಿ ಬೇಯಿಸುವುದು) ಮಾಡಿದ ದಿನಾಂಕ, ಟ್ಯೂಬುಗಳ ಸಂಖ್ಯೆ, ಇಬ್ಬರ ಸಹಿ ಇರುವ ಒಂದು ಪತ್ರ ಕೊಟ್ಟವರಿಗೆ ಕಳಿಸಿ, ನಕಲು ಫೈಲಿನಲ್ಲಿಡಿ. ಇನ್ನೂ ಕೆಲಸ ಬಾಕಿ ಇದ್ದರೆ ಅವಧಿ ಮುಗಿಯುವ ಮುಂಚೆಯೇ ವಿಸ್ತರಣೆ ಕೇಳಿ. ಮುಗಿದ ಮೇಲೆ ಹೊಸ ಒಪ್ಪಂದವೇ ಬೇಕಾಗುತ್ತದೆ.